ಕಲ್ಲಲ್ಲಿ ಉಳಿದ ಬಿಲ್ಲು

ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಲ್ಲಿ ಕೆರೆ ಏರಿ ಮುಗಿಯೋ ಕಡೆ ಒಂದು ಹುಣಸೆಮರ ಇದೆ. ಅದರ ಬುಡದಲ್ಲಿ ಮಂಡಿವರೆಗೆ ಹೂತುಹೋದ ಒಂದು ವೀರಗಲ್ಲು. ಊರಲ್ಲಿ ಅದನ್ನ ಯಾರೂ ವೀರಗಲ್ಲು ಅನ್ನಲ್ಲ, ಬಿಲ್ಲಪ್ಪನ ಕಲ್ಲು ಅಂತಾರೆ. ಒಬ್ಬ ಗಂಡಸು, ಕೈಯಲ್ಲಿ ಹೆಚ್ಚುಕಮ್ಮಿ ಅವನಷ್ಟೇ ಎತ್ತರದ ಬಿಲ್ಲು, ಹಿಂದೆ ಮೂರು ಹಸುಗಳ ತಲೆ. ಊರಿನ ದನ ಹೊಡ್ಕೊಂಡು ಹೋಗೋಕೆ ಬಂದವರ ಜತೆ ಹೊಡೆದಾಡಿ ಸತ್ತವನು ಅನ್ನೋದು ನೋಡಿದರೆ ಗೊತ್ತಾಗುತ್ತೆ. ಅಕ್ಷರಗಳೇನಾದರೂ ಇದ್ದರೆ ಅವು ಮಣ್ಣೊಳಗಿವೆ.

ಚಿಕ್ಕವನಿದ್ದಾಗ ಆ ಕಲ್ಲು ನೋಡ್ಕೊಂಡೇ ನಾನೂ ಒಂದು ಬಿಲ್ಲು ಮಾಡಿದ್ದೆ. ನಮ್ಮನೇಲಿ ರೇಷ್ಮೆ ಸಾಕ್ತಿದ್ದರು. ಹುಳ ಹಣ್ಣಾದ ಮೇಲೆ ಗೂಡು ಕಟ್ಟೋಕೆ ಬಿಡುವ ಬಿದಿರಿನ ದೊಡ್ಡ ತಟ್ಟೆಗೆ ಚಂದ್ರಿಕೆ ಅಂತಾರೆ. ಹಳೇ ಚಂದ್ರಿಕೆಯ ಅಂಚಿನಿಂದ ಒಂದು ದಬ್ಬೆ ಕಿತ್ತು, ಗೋಣಿಚೀಲದ ಹುರಿ ಕಟ್ಟಿ, ಪೊರಕೆ ಕಡ್ಡಿಯನ್ನ ಬಾಣ ಮಾಡ್ಕೊಂಡೆ. ಹತ್ತು ಸಲ ಎಳೆಯೋದ್ರೊಳಗೆ ಬಿಲ್ಲು ಗಿಣ್ಣಿನ ಹತ್ತಿರ ಲಟಕ್ ಅಂತ ಮುರೀತು. ಅಜ್ಜಿ ಬೈದದ್ದು ಚಂದ್ರಿಕೆ ಹಾಳಾಯ್ತು ಅಂತ. ನನಗೆ ಮಾತ್ರ ಬೇರೆ ಪ್ರಶ್ನೆ: ಬಿಲ್ಲಪ್ಪನ ಬಿಲ್ಲು ಯಾಕೆ ಮುರೀಲಿಲ್ಲ? ಅದನ್ನ ಅವನಿಗೆ ಯಾರು ಮಾಡಿಕೊಟ್ಟರು?

ಇಪ್ಪತ್ತು ವರ್ಷ ಆದಮೇಲೆ, ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸ ಹಿಡಿದು, ಟೀಮ್ ಔಟಿಂಗ್ ನೆಪದಲ್ಲಿ ಒಂದು ರೆಸಾರ್ಟಿಗೆ ಹೋದಾಗ ಕೈಗೆ ಫೈಬರ್‌ಗ್ಲಾಸ್ ಬಿಲ್ಲು ಬಂತು. ಐದು ಬಾಣ ಬಿಟ್ಟೆ, ಒಂದೂ ಗುರಿಗೆ ಬೀಳಲಿಲ್ಲ. ಆದರೆ ಹಳೇ ಪ್ರಶ್ನೆ ವಾಪಸ್ ಬಂತು. ಆಮೇಲೆ ವಾರಾಂತ್ಯಗಳಲ್ಲಿ ಹುಡುಕಿ ಓದಿದ್ದರ ಸಾರಾಂಶ ಈ ಬರಹ.

ನಮ್ಮ ಕಡೆ ಬಿಲ್ಲಿನ ಕಥೆಗಳಿಗೆ ಬರ ಇಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋಗಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವ-ಕುಶ ಹುಟ್ಟಿದ್ದು ಈ ಬೆಟ್ಟದಲ್ಲೇ, ಅಪ್ಪನ ಸೈನ್ಯಕ್ಕೆ ಅವರು ಬಾಣ ಹೊಡೆದದ್ದು ಇದೇ ಬಯಲಲ್ಲಿ ಅಂತ ಊರವರು ತೋರಿಸ್ತಾರೆ. ಬೆಟ್ಟದ ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ. ಮಕ್ಕಳ ಜತೆ ಯುದ್ಧ ಮಾಡಿದ ಪಾಪ ಕಳೆಯೋಕೆ ರಾಮ ಮತ್ತು ತಮ್ಮಂದಿರು ಒಂದೊಂದು ಲಿಂಗ ಸ್ಥಾಪಿಸಿದರು ಅನ್ನೋದು ಸ್ಥಳಪುರಾಣ. ಕೋಲಾರ ಕುವಳಾಲಪುರ ಅನ್ನೋ ಹೆಸರಲ್ಲಿ ಗಂಗರ ಮೊದಲ ರಾಜಧಾನಿಯಾಗಿತ್ತು. ಗಂಗರು, ಬಾಣರು, ನೊಳಂಬರು, ಆಮೇಲೆ ಚೋಳರು ಈ ನೆಲಕ್ಕಾಗಿ ಕಾದಾಡಿದರು. ತಂಜಾವೂರಿನ ಶಾಸನಗಳಲ್ಲಿ ಚೋಳರ ಸೈನ್ಯದ ಬಿಲ್ಲಾಳುಗಳ ದಳಕ್ಕೆ 'ವಿಲ್ಲಿಗಳ್' ಅನ್ನೋ ಹೆಸರೇ ಇದೆ. ಅಷ್ಟು ಜನ ಬಿಲ್ಲು ಹಿಡಿದಿದ್ದರು ಅಂದರೆ ಅಷ್ಟು ಬಿಲ್ಲು ಮಾಡಿದ ಕೈಗಳೂ ಇದ್ದೇ ಇರಬೇಕಲ್ಲ?

ಆ ಕೈಗಳನ್ನು ಹುಡುಕುವಾಗ ನನಗೆ 1905ನೇ ಇಸವಿ ಎರಡು ಸಲ ಎದುರಾಯಿತು.

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ, ಅಚ್ಚಾಗಿದ್ದು 1905ರಲ್ಲಿ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಅಂತ ತಾಲ್ಲೂಕುವಾರು ಜೋಡಿಸಿದ್ದಾರೆ. ತುರು ಕಾದು ಸತ್ತವನ ಹೆಸರು, ಅವನ ಒಡೆಯನ ಹೆಸರು, ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಗದ್ದೆಯ ಲೆಕ್ಕ ಅದರಲ್ಲಿ ಸಿಗುತ್ತೆ. ಬಿಲ್ಲು ಮಾಡಿದವನ ಹೆಸರು, ನಾನು ಓದಿದಷ್ಟರಲ್ಲಿ, ಎಲ್ಲೂ ಸಿಗಲಿಲ್ಲ.

ಅದೇ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದ ಓಲೆಗರಿಯ ಕಟ್ಟೊಂದನ್ನು ಓದಿ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಲೋಕಕ್ಕೆ ತಿಳಿಸೋಕೆ ಶುರುಮಾಡಿದರು. ಮೂಲ ಅಚ್ಚಾಗಿದ್ದು 1909ರಲ್ಲಿ. ಅದರ ಎರಡನೇ ಅಧಿಕರಣದಲ್ಲಿ ಆಯುಧಾಗಾರದ ಅಧಿಕಾರಿ ಏನೇನು ಸಂಗ್ರಹಿಸಬೇಕು ಅನ್ನೋ ಪಟ್ಟಿ ಇದೆ. ಬಿಲ್ಲುಗಳು ನಾಲ್ಕು ಬಗೆ: ತಾಳೆಮರದ್ದು, ಬಿದಿರಿನದ್ದು, ಗಟ್ಟಿ ಮರದ್ದು, ಕೊಂಬಿನದ್ದು. ಹೆದೆಗೆ ಮೂರ್ವೆ ನಾರು, ಎಕ್ಕದ ನಾರು, ಸೆಣಬು, ಬಿದಿರ ನಾರು, ಪ್ರಾಣಿಯ ನರ ಇತ್ಯಾದಿ. ನಮ್ಮ ಕಡೆ ಯಾರೂ ತಿರುಗಿ ನೋಡದ, ಹೊಲದ ಬದುಗಳಲ್ಲಿ ಬೆಳೆಯೋ ಎಕ್ಕದ ಗಿಡ ಒಂದು ಕಾಲಕ್ಕೆ ರಾಜನ ಆಯುಧಾಗಾರಕ್ಕೆ ಬೇಕಾದ ಸಾಮಾನಾಗಿತ್ತು.

ಇನ್ನೂ ವಿವರ ಬೇಕಂದ್ರೆ 14ನೇ ಶತಮಾನದ 'ಶಾರ್ಙ್ಗಧರ ಪದ್ಧತಿ'ಯ ಧನುರ್ವೇದ ಭಾಗ ನೋಡಬೇಕು. ಆನೆ, ಕುದುರೆ ಮೇಲಿನವರಿಗೆ ಕೊಂಬಿನ ಬಿಲ್ಲು; ರಥದವರಿಗೆ, ಕಾಲಾಳುಗಳಿಗೆ ಬಿದಿರಿನ ಬಿಲ್ಲು. ಮೂರು, ಐದು, ಏಳು, ಒಂಬತ್ತು ಗಿಣ್ಣಿನ ಬಿದಿರು ಆಗುತ್ತೆ. ನಾಲ್ಕು, ಆರು, ಎಂಟು ಗಿಣ್ಣಿನದು ಬೇಡ. ಬಲಿಯದ್ದು ಬೇಡ, ತೀರ ಹಳೇದಾದದ್ದು ಬೇಡ, ಸುಟ್ಟದ್ದು, ತೂತುಬಿದ್ದದ್ದು ಬೇಡ. ಗ್ರೀಕರ ಕಡೆಯಿಂದಲೂ ಸಾಕ್ಷಿ ಇದೆ. ಅಲೆಕ್ಸಾಂಡರನ ದಂಡಯಾತ್ರೆಯ ನೆನಪುಗಳನ್ನು ಆಧರಿಸಿ ಬರೆದ ಅರಿಯನ್, ಇಂಡಿಯಾದ ಕಾಲಾಳುವಿನ ಬಿಲ್ಲು ಅವನಷ್ಟೇ ಉದ್ದ, ಒಂದು ತುದಿ ನೆಲಕ್ಕೂರಿ ಎಡಗಾಲಲ್ಲಿ ಒತ್ತಿ ಎಳೀತಾನೆ, ಬಾಣ ಮೂರು ಮೊಳಕ್ಕೆ ತುಸು ಕಡಿಮೆ ಅಂತಾನೆ. ನಮ್ಮ ಬಿಲ್ಲಪ್ಪ ಹಿಡಿದಿರೋದೂ ಆಳುದ್ದದ ಬಿಲ್ಲೇ.

ಹಾಗಾದರೆ ಎಲ್ಲ ಗೊತ್ತಿದೆಯಲ್ಲ, ಒಂದು ಮಾಡಿಬಿಡೋಣ ಅನ್ನಿಸುತ್ತೆ. ಆಗಲ್ಲ. ಯಾವ ಬಿದಿರು ಅಂತ ಇದೆ, ಎಷ್ಟು ಗಿಣ್ಣು ಅಂತ ಇದೆ. ಎಷ್ಟು ದಪ್ಪಕ್ಕೆ ಹೆರೆಯಬೇಕು, ಎಲ್ಲಿ ತೆಳುವಾಗಬೇಕು, ಕೈಗೆ ಯಾವ ಸೂಚನೆ ಸಿಕ್ಕಾಗ ನಿಲ್ಲಿಸಬೇಕು ಅನ್ನೋದು ಈ ಸಾಲುಗಳಲ್ಲಿ ಸಿಗಲ್ಲ. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಇದೆ, ಕೋಡ್ ಇಲ್ಲ, ಬರೆದವರೂ ಕೆಲಸ ಬಿಟ್ಟು ಹೋಗಿದ್ದಾರೆ.

ಕೋಡ್ ಇನ್ನೂ ಓಡ್ತಿರೋ ಊರು ಯಾವುದಾದರೂ ಇದೆಯಾ ಅಂತ ಹುಡುಕಿದರೆ ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಮಿಯಾಕೊನೊಜೊ ಸಿಗುತ್ತೆ. ಜಪಾನಿನ ಬಿಲ್ಲಿನ ಹೆಸರು ಯುಮಿ. ಸುಮಾರು 221 ಸೆಂಟಿಮೀಟರ್, ಅಂದರೆ ಏಳೂಕಾಲು ಅಡಿ. ಹಿಡಿ ಮಧ್ಯದಲ್ಲಿರಲ್ಲ, ಕೆಳಗಿನಿಂದ ಮೂರನೇ ಒಂದು ಭಾಗದ ಹತ್ತಿರ ಇರುತ್ತೆ. ಮೂರನೇ ಶತಮಾನದ ಚೀನೀ ದಾಖಲೆಯಲ್ಲೇ ಈ ಮೇಲುದ್ದ-ಕೆಳಗಿಡ್ಡ ಬಿಲ್ಲಿನ ಮಾತು ಬರುತ್ತೆ. ಆಗ ಅದು ಬರೀ ಮರದ್ದು. ಸುಮಾರು ಸಾವಿರ ವರ್ಷದ ಹಿಂದೆ ಮರದ ಹೊರಮೈಗೆ ಒಂದು ಬಿದಿರ ಪಟ್ಟಿ ಅಂಟಿಸೋಕೆ ಶುರುಮಾಡಿದರು. ಆಮೇಲೆ ಒಳಮೈಗೂ ಒಂದು. ಮುಂದಿನ ಶತಮಾನಗಳಲ್ಲಿ ನಾಲ್ಕೂ ಪಕ್ಕಕ್ಕೆ. ಕೊನೆಗೆ ಈಗಿನ ರೂಪ: ಹೊರಗೊಂದು ಒಳಗೊಂದು ಬಿದಿರ ಪಟ್ಟಿ, ನಡುವೆ ನಿಲ್ಲಿಸಿ ಜೋಡಿಸಿದ ಸಣ್ಣ ಬಿದಿರ ಕಡ್ಡಿಗಳ ತಿರುಳು, ತಿರುಳಿನ ಎರಡು ಪಕ್ಕಕ್ಕೆ 'ಹಾಜೆ' ಅನ್ನೋ ಮರದ ಪಟ್ಟಿ.

ಇಷ್ಟು ಕಷ್ಟ ಯಾಕೆ? ಎರಡನೇ ವರ್ಷದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿಸಿಕೊಳ್ಳಿ. ಒಂದು ಪಟ್ಟಿ ಬಗ್ಗಿಸಿದಾಗ ಹೊರಮೈ ಎಳೆದಂತಾಗುತ್ತೆ, ಒಳಮೈ ಒತ್ತಿದಂತಾಗುತ್ತೆ, ನಟ್ಟನಡುವೆ ಹೆಚ್ಚೇನೂ ಆಗಲ್ಲ. ಬಿಲ್ಲಿನ ಶಕ್ತಿ ಹೆಚ್ಚಾಗಿ ಕೂಡಿರೋದು ಹೊರಗಿನ ಎರಡು ಮೈಗಳಲ್ಲೇ. ಬಿದಿರಿನ ನಾರು ಅತಿ ಒತ್ತಾಗಿರೋದು ಸಿಪ್ಪೆಯ ಪಕ್ಕದಲ್ಲಿ. ಒಂಟಿ ದಬ್ಬೆಯ ಬಿಲ್ಲಲ್ಲಿ ಸಿಪ್ಪೆ ಇರೋದು ಒಂದೇ ಕಡೆ. ಜಪಾನಿನವರು ಎರಡು ದಬ್ಬೆ ತಗೊಂಡು, ಎರಡರ ಸಿಪ್ಪೆಯೂ ಹೊರಮುಖ ಮಾಡಿ, ನಡುವೆ ತಿರುಳು ತುಂಬಿದರು. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತೆ. ಆದರೆ ದಪ್ಪವಾದಷ್ಟೂ ಪದರಗಳು ಒಂದರ ಮೇಲೊಂದು ಜಾರೋಕೆ ನೋಡ್ತವೆ. ಹಾಗೆ ಜಾರದಂತೆ ಹಿಡಿದಿಡಬೇಕಾದದ್ದು ಅಂಟು.

ಮಾಡುವ ಕ್ರಮ ಹೀಗೆ. ಮಾದಾಕೆ ಅನ್ನೋ ಜಾತಿಯ ಬಲಿತ ಬಿದಿರನ್ನ ಚಳಿಗಾಲದ ಹೊತ್ತಿಗೆ ಕಡೀತಾರೆ. ಆಗ ಅದರಲ್ಲಿ ಹುಳ ಬಯಸೋ ಸಿಹಿ ಕಡಿಮೆ. ಸೀಳಿ ತಿಂಗಳುಗಟ್ಟಲೆ ಒಣಗಿಸ್ತಾರೆ. ತಿರುಳಿನ ಕಡ್ಡಿಗಳನ್ನ ಬೆಂಕಿಯಲ್ಲಿ ಕಂದು ಬರೋವರೆಗೆ ಬಾಡಿಸ್ತಾರೆ, ಅದರಿಂದ ಹಗುರಾಗಿ ಬಿಗಿಯಾಗುತ್ತೆ. ಅಂಟು ಚರ್ಮ ಕುದಿಸಿ ತೆಗೆದದ್ದು, ನಮ್ಮ ಬಡಗಿಗಳು ಮರವಜ್ರ ಅಂತಿದ್ದರಲ್ಲ, ಹೆಚ್ಚುಕಮ್ಮಿ ಅದೇ. ಅಂಟು ಬಿಸಿ ಇರುವಾಗಲೇ ಎಲ್ಲ ಪದರ ಜೋಡಿಸಿ, ಉದ್ದಕ್ಕೂ ಹಗ್ಗ ಸುತ್ತಿ, ಹಗ್ಗದ ಒಂದೊಂದು ಸುತ್ತಿನ ಕೆಳಗೂ ಬಿದಿರ ಬೆಣೆ ಬಡೀತಾರೆ. ಒಂದು ಬಿಲ್ಲಿಗೆ ನೂರರ ಆಸುಪಾಸು ಬೆಣೆ. ಕಬ್ಬಿಣದ ಕ್ಲಾಂಪ್ ಇಲ್ಲ, ಅಚ್ಚು ಇಲ್ಲ. ಯಾವ ಬೆಣೆಗೆ ಎಷ್ಟು ಪೆಟ್ಟು ಅನ್ನೋದರ ಮೇಲೆ ಬಿಲ್ಲಿನ ಬಾಗು ತೀರ್ಮಾನ ಆಗುತ್ತೆ. ಬಡೀತಾ ಬಡೀತಾ ಅದನ್ನ ಉಲ್ಟಾ ಬಗ್ಗಿಸ್ತಾರೆ, ಹೆದೆ ಬಿಚ್ಚಿದರೆ ಬಿಲ್ಲು ಮುಂದಕ್ಕೆ ಬಾಗಿ ನಿಲ್ಲಬೇಕು. ಇದೆಲ್ಲ ಅಂಟು ಆರುವುದರೊಳಗೆ. ಆಮೇಲೆ ಆರಿಸಿ, ಹೆದೆ ಏರಿಸಿ, ಕಾಲಲ್ಲಿ ತುಳಿದು, ಒಂದಿಷ್ಟಿಷ್ಟೇ ಹೆರೆದು ಸರಿಮಾಡೋ ಕೆಲಸ ತಿಂಗಳುಗಟ್ಟಲೆ.

ಇದನ್ನೆಲ್ಲ ಓದುವಾಗ ನನಗೆ ಕಾಡಿದ್ದು ಜಪಾನಿನವರ ಜಾಣತನ ಅಲ್ಲ. ಬಿದಿರು, ಹುರಿ, ಬೆಣೆ, ಅಂಟು ಎಲ್ಲವೂ ನಮ್ಮಲ್ಲೂ ಇತ್ತು. ಕೊಂಬು, ಮರ, ನರ ಅಂಟಿಸಿ ಪದರದ ಬಿಲ್ಲು ಮಾಡೋ ವಿದ್ಯೆಯೂ ಈ ದೇಶದಲ್ಲಿತ್ತು. ಮತ್ತೆ ಅಲ್ಲಿ ಉಳಿದದ್ದು ಇಲ್ಲಿ ಯಾಕೆ ಹೋಯ್ತು?

ಬಂದೂಕು ಬಂತು, ಬಿಲ್ಲು ಹೋಯ್ತು ಅನ್ನೋದು ಸುಲಭದ ಉತ್ತರ. ನಮ್ಮ ಕಡೆ ಅದು ನಿಜವೂ ಹೌದು. ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ 18ನೇ ಶತಮಾನದ ಮೊದಲ ಭಾಗದಲ್ಲಿ ಹುಟ್ಟಿದ ಹೈದರ್ ಅಲಿ ಬಂದೂಕು, ಫಿರಂಗಿ, ರಾಕೆಟ್ಟುಗಳ ಸೈನ್ಯ ಕಟ್ಟಿದ. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಪಡೆ ಸೋತಾಗ ಮೈಸೂರಿನ ರಾಕೆಟ್ಟುಗಳ ಹೆಸರು ದೂರದವರೆಗೆ ಹೋಯ್ತು. ಆಮೇಲೆ ಬ್ರಿಟಿಷ್ ಇಂಡಿಯಾದ 1878ರ ಶಸ್ತ್ರಾಸ್ತ್ರ ಕಾಯ್ದೆ 'ಆಯುಧ' ಅಂದರೆ ಏನು ಅಂತ ಪಟ್ಟಿ ಮಾಡಿದಾಗ ಬಂದೂಕು, ಕತ್ತಿ, ಈಟಿ ಜತೆ ಬಿಲ್ಲು ಬಾಣವನ್ನೂ ಸೇರಿಸಿತು.

ಆದರೆ ಜಪಾನಿಗೂ ಬಂದೂಕು ಬಂದಿತ್ತು, ನಮ್ಮ ಹೈದರನಿಗಿಂತ ಎಷ್ಟೋ ಮುಂಚೆ. 1543ರಲ್ಲಿ ಪೋರ್ಚುಗೀಸರ ಬಂದೂಕು ಇಳಿದ ತಾನೆಗಾಶಿಮಾ ದ್ವೀಪ ಇರೋದು ಕ್ಯೂಶೂವಿನ ದಕ್ಷಿಣಕ್ಕೇ. ಕೆಲವೇ ದಶಕದಲ್ಲಿ ಯುದ್ಧದಲ್ಲಿ ಬಿಲ್ಲಿನ ಕಾಲ ಮುಗೀತು. ಬಿಲ್ಲು ಹಿಡಿಯೋರು ಮಾತ್ರ ಮುಗೀಲಿಲ್ಲ. ಕ್ಯೋಟೋದ ಸಾಂಜೂಸಾಂಗೆನ್‌ದೊ ಗುಡಿಯ ಸುಮಾರು 120 ಮೀಟರ್ ಉದ್ದದ ಜಗಲಿಯಲ್ಲಿ ಈ ತುದಿಯಿಂದ ಆ ತುದಿಗೆ, ಮೇಲಿನ ತೊಲೆಗೆ ತಾಗದಂತೆ ಬಾಣ ಹಾಯಿಸೋ ಪಂದ್ಯ ನಡೀತಿತ್ತು. 1686ರಲ್ಲಿ ವಾಸಾ ದೈಹಾಚಿರೊ ಅನ್ನೋ ಯುವಕ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133 ದಾಟಿಸಿದ. ಯುದ್ಧದಲ್ಲಿ ಕೆಲಸವಿಲ್ಲದ ಬಿಲ್ಲಿಗೆ ಅಷ್ಟು ಹಟದ ಗಿರಾಕಿಗಳಿದ್ದರು. ಬಿಲ್ಲು ಮುರಿದರೆ ವಾಪಸ್ ತಂದು ಯಾಕೆ ಮುರೀತು ಅಂತ ಕೇಳೋರು.

19ನೇ ಶತಮಾನದ ಕೊನೆಗೆ ಸಮುರಾಯಿಗಳ ವ್ಯವಸ್ಥೆಯೇ ಹೋದಾಗ ಅಲ್ಲೂ ಬಿಲ್ಲು ಮೂಲೆ ಸೇರೋದರಲ್ಲಿತ್ತು. ಹೊಂಡ ತೊಶಿಜಾನೆ (1836–1917) ಅನ್ನೋ ಗುರು ಟೋಕಿಯೋದ ವಿಶ್ವವಿದ್ಯಾಲಯದ ಹುಡುಗರಿಗೆ ಬಿಲ್ಲು ಕಲಿಸಿದರು. ಎರಡನೇ ಮಹಾಯುದ್ಧದ ನಂತರ 1949ರಲ್ಲಿ ರಾಷ್ಟ್ರೀಯ ಒಕ್ಕೂಟ ಬಂತು. ಇವತ್ತು ಅಲ್ಲಿನ ಹೈಸ್ಕೂಲು ಮಕ್ಕಳು ಬಿಲ್ಲು ಹಿಡೀತಾರೆ. ಹೆಚ್ಚಿನವರದ್ದು ಫೈಬರ್‌ಗ್ಲಾಸ್ ಬಿಲ್ಲೇ. ಆದರೆ ಕೈ ಪಳಗಿದ ಮೇಲೆ ಬಿದಿರಿನದ್ದು ಬೇಕು ಅನ್ನೋರೂ ಇದ್ದಾರೆ. ಬಿದಿರಿನ ಬಿಲ್ಲುಗಳಲ್ಲಿ ಬಹುಪಾಲು ಮಿಯಾಕೊನೊಜೊದಲ್ಲೇ ತಯಾರಾಗುತ್ತೆ. 1994ರಲ್ಲಿ ಸರ್ಕಾರ ಅದನ್ನ ಸಾಂಪ್ರದಾಯಿಕ ಕಸುಬು ಅಂತ ಗುರುತಿಸಿತು. ಆ ಮುದ್ರೆ ಬೀಳೋ ಹೊತ್ತಿಗೆ ಕಸುಬನ್ನ ನೂರಾರು ವರ್ಷ ಹೊತ್ತು ತಂದಿದ್ದು ಬಿಲ್ಲು ಎಳೆಯೋರು, ಕಾಸು ಕೊಟ್ಟು ಕೊಳ್ಳೋರು.

ನಮ್ಮಲ್ಲೂ ಬಿಲ್ಲು ಪೂರ್ತಿ ಸಾಯಲಿಲ್ಲ, ವೇಷ ಬದಲಿಸಿತು. ಹಾಸಿಗೆಯ ಹತ್ತಿ ಹಿಂಜೋಕೆ ಬರ್ತಿದ್ದ ಪಿಂಜಾರರ ಕೈಲಿ ಆಳುದ್ದದ ಬಿಲ್ಲಿರುತ್ತಿತ್ತು. ಕೊಡತಿಯಿಂದ ಹೆದೆಗೆ ಹೊಡೆದರೆ ಡೊಂಯ್ ಅನ್ನೋ ಸದ್ದಿಗೆ ಬೀದಿ ಮಕ್ಕಳೆಲ್ಲ ಸೇರ್ತಿದ್ವಿ. ವಿಜಯದಶಮಿ ದಿನ ಬನ್ನಿಮರದ ಹತ್ತಿರ ದೇವರ ಹೆಸರಲ್ಲಿ ಅಂಬು ಬಿಡ್ತಾರೆ. ಆ ಬಿಲ್ಲು ಬಗ್ಗಿಸಿದ ಕಡ್ಡಿ, ಕಟ್ಟಿದ ದಾರ, ಅಷ್ಟೇ. ಬಾಣ ಎರಡು ಮಾರು ಹೋದರೆ ಸಾಕು, ಕೈಮುಗೀತೀವಿ. ಅದು ಇನ್ನೂ ದೂರ ಹೋಗಬೇಕು ಅಂತ ಯಾರೂ ಕೇಳಲ್ಲ.

ಹೋದ ವರ್ಷ ಮುಳಬಾಗಿಲಿನಲ್ಲಿ ಬುಟ್ಟಿ, ಮೊರ ಹೆಣೆಯೋ ಮೇದರ ತಾತ ಒಬ್ಬರ ಹತ್ತಿರ ಹೋದೆ. ಮೊದಲು ನಮ್ಮೂರ ಕಡೆಗೆಲ್ಲ ಚಂದ್ರಿಕೆ ಕೊಡ್ತಿದ್ದವರು. ಮೊಬೈಲಲ್ಲಿ ಯುಮಿಯ ಫೋಟೋ ದೊಡ್ಡದು ಮಾಡಿ ತೋರಿಸಿದೆ. ನಾನು ಏನೂ ವಿವರಿಸಿರಲಿಲ್ಲ.

"ಸಿಪ್ಪೆ ಎರಡು ಕಡೆಗೂ ಹೊರಕ್ಕೇ ಇಟ್ಟವ್ರೆ" ಅಂದರು. ಸ್ವಲ್ಪ ಹೊತ್ತು ನೋಡಿ, "ಈ ಕಡೆ ಗಿಣ್ಣಿಗೆ ಆ ಕಡೆ ಗಿಣ್ಣು ಎದುರು ಬಂದಿಲ್ಲ ನೋಡಪ್ಪ. ಬಂದ್ರೆ ಅಲ್ಲೇ ಮುರೀತದೆ."

ನಾನು ವಾರಗಟ್ಟಲೆ ಓದಿ ತಿಳ್ಕೊಂಡಿದ್ದ ಎರಡು ಮುಖ್ಯ ವಿಷಯ ಅವರಿಗೆ ಅರ್ಧ ನಿಮಿಷ. ಬಿದಿರು ಯಾವಾಗ ಕಡೀಬೇಕು ತಾತ ಅಂದರೆ, "ಕತ್ತಲ ದಿನದಾಗೆ ಕಡಿದ್ರೆ ಕುಟ್ಟೆ ಹಿಡಿಯಲ್ಲ" ಅಂದರು. ಚಳಿಗಾಲದಲ್ಲಿ ಕಡಿಯೋ ಜಪಾನಿನವರ ಭಯವೂ ಅದೇ ಹುಳ.

ಇಂಥದ್ದು ನೀವು ಮಾಡಬಹುದಾ ಅಂತ ಕೇಳಿದೆ. ಅವರು ವಾಪಸ್ ಕೇಳಿದ್ದು ಒಂದೇ: "ಯಾರು ತಗೊಂತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಅವರ ಚಂದ್ರಿಕೆ ತಗೊಳೋದನ್ನ ನಿಲ್ಲಿಸಿದವರಲ್ಲಿ ನಮ್ಮನೆಯವರೂ ಒಬ್ಬರು. ಅಪ್ಪ ಪ್ಲಾಸ್ಟಿಕ್ ಚಂದ್ರಿಕೆಗೆ ಬದಲಾದರು. ತೊಳೆಯೋದು ಸುಲಭ, ಔಷಧಿ ಹೊಡೆಯೋದು ಸುಲಭ, ಮಡಚಿ ಅಟ್ಟದ ಮೇಲಿಡಬಹುದು. ಅಂಗಡಿಯಿಂದ ತಂದುಕೊಟ್ಟವನು ನಾನೇ, ಮೊದಲ ಸಂಬಳದಲ್ಲಿ. ಅದರಲ್ಲಿ ತಪ್ಪಿದೆ ಅಂತ ಈಗಲೂ ಅನ್ನಿಸಲ್ಲ. ಕತ್ತಲ ದಿನ, ಗಿಣ್ಣು, ಸಿಪ್ಪೆ, ಎಲ್ಲ ಬಲ್ಲ ಈ ತಾತನ ಮೊಮ್ಮಗ ನರಸಾಪುರದ ಕಡೆ ಫ್ಯಾಕ್ಟರಿ ಶಿಫ್ಟಿಗೆ ಹೋಗ್ತಾನೆ. ಅದರಲ್ಲೂ ತಪ್ಪಿಲ್ಲ. ಬಿಲ್ಲಪ್ಪನ ಬಿಲ್ಲು ಮಾಡಿದ ಮನೆಯಲ್ಲೂ ಒಂದು ದಿನ ಹೀಗೇ ಆಗಿರಬೇಕು. ಯಾರೂ ಆ ವಿದ್ಯೆಯನ್ನ ಕೊಲ್ಲಲಿಲ್ಲ. ಒಂದು ತಲೆಮಾರಿನಲ್ಲಿ ಕೇಳೋರು ಬರಲಿಲ್ಲ, ಮುಂದಿನ ತಲೆಮಾರು ಕಲೀಲಿಲ್ಲ.

ಕೊನೆಗೆ, ನಾನೇ ತಗೊಂತೀನಿ ಅಂದೆ. ತಾತ ನಕ್ಕರು, ಆದರೆ ಎದ್ದು ಎರಡು ದಬ್ಬೆ ಸೀಳಿಕೊಟ್ಟರು. ಉದ್ದಕ್ಕೂ ಒಂದೇ ದಪ್ಪ, ಅಳತೆಪಟ್ಟಿ ಮುಟ್ಟಲಿಲ್ಲ. ನಡುವೆ ಇಡೋಕೆ ಬಡಗಿಯ ಹತ್ತಿರ ಸಿಲ್ವರ್ ಓಕ್ ಪಟ್ಟಿ ತೆಳ್ಳಗೆ ಹೆರೆಸಿಕೊಂಡು ಬಂದೆ. ಮರವಜ್ರ ಸಿಗಲಿಲ್ಲ, ಫೆವಿಕಾಲ್ ಹಚ್ಚಿದೆ. ಹುರಿ ಸುತ್ತಿದ್ವಿ. ಚೂರು ಬಿದಿರಲ್ಲೇ ತಾತ ಬೆಣೆ ಕೆತ್ತಿ ಕೆತ್ತಿ ಕೊಟ್ಟರು, ನಾನು ಬಡಿದೆ. ಇಪ್ಪತ್ತು ಬೆಣೆಗೆ ಕೈ ಸೋತು ನಿಲ್ಲಿಸಿದೆ.

ವಾರ ಬಿಟ್ಟು ಹೋಗಿ ಹೆದೆ ಏರಿಸಿದ್ವಿ. ಮೂರು ಬಾಣ ಬಿಟ್ಟೆ. ಮೊದಲ ಎರಡು ರಸ್ತೆ ದಾಟಿ ಎದುರು ಹೊಲದೊಳಕ್ಕೆ ಹೋಗಿ ಬಿದ್ದವು. ಮೂರನೇದಕ್ಕೆ ಎಳೆದಾಗ ಚರ್ ಅಂತ ಸದ್ದು ಬಂತು, ಬಿಲ್ಲು ಮಧ್ಯದಲ್ಲಿ ಬಾಯಿಬಿಟ್ಟಿತು. ತಾತ ಅದನ್ನ ತಗೊಂಡು ಬೆರಳಾಡಿಸಿ ನೋಡಿದರು. ದಬ್ಬೆ ಎರಡೂ ನೆಟ್ಟಗಿದ್ದವು. ಬಿಟ್ಟಿದ್ದು ಅಂಟು, ಅದೂ ನಾನು ಬೆಣೆ ದೂರ ದೂರ ಬಡಿದಿದ್ದ ಜಾಗದಲ್ಲಿ.

"ಬೆಣೆ ಒತ್ತೊತ್ತಾಗಿ ಹೊಡೀಬೇಕಿತ್ತು" ಅಂದರು. ಮೊಮ್ಮಗ ಶಿಫ್ಟ್ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ನೋಡ್ತಿದ್ದ. ಬಿಲ್ಲನ್ನ ಕೈಗೆ ತಗೊಂಡು, ಬಾಯಿಬಿಟ್ಟ ಜಾಗ ಒತ್ತಿ ನೋಡಿ, "ಇನ್ನೊಂದ್ ಸಲ ಮಾಡ್ತೀರಾ ಅಣ್ಣ?" ಅಂತ ಕೇಳಿದ.

ಸಂಕ್ರಾಂತಿ ಕಳೆದ ಮೇಲೆ ಬರ್ತೀನಿ ಅಂತ ಹೇಳಿ ಬಂದಿದ್ದೀನಿ. ಬಿದಿರು ಕತ್ತಲ ದಿನದಲ್ಲಿ ಕಡಿಸಿದ್ದೇ ಆಗಬೇಕು ಅಂತ ತಾತ ಹೇಳಿದ್ದಾರೆ. ಬೆಣೆ ನೂರು ಕೆತ್ತಿಡೋ ಕೆಲಸ ಮೊಮ್ಮಗನದ್ದು.